ಐದು ವರ್ಷ ಗ್ಯಾರಂಟಿ

ನಮ್ಮ ಶಿಶುಪಾಲನಾ ಕೇಂದ್ರದಲ್ಲಿ ಮಕ್ಕಳು ಅತ್ತರೆ ಎತ್ತಿಕೊಳ್ಳಲು ಆಯಾಗಳಿದ್ದರು, ಹಸಿದರೆ ಬೇಯಿಸಿ ಹಾಕಲು ನಾನಿದ್ದೆ, ನಮ್ಮನ್ನೆಲ್ಲ ಬೈಯಲು ಅಮ್ಮಾವ್ರಿದ್ದರು. ಇನ್ನೇನು ಬೇಕು? ಆದರೆ ಆರೋಗ್ಯ ಇಲಾಖೆಯವರಿಗೆ ಅಷ್ಟು ಸಾಲಲಿಲ್ಲ. ಪ್ರತಿ ಕೇಂದ್ರದಲ್ಲೂ ಮಕ್ಕಳ ಆರೋಗ್ಯ ನೋಡಿಕೊಳ್ಳಲು ಒಬ್ಬ ತರಬೇತಾದ ಮನುಷ್ಯ ಇರಲೇಬೇಕು, ಇಲ್ಲದಿದ್ದರೆ ಪರವಾನಗಿ ರದ್ದು ಎಂದು ಹೇಳಿ ಕಳಿಸಿದರು. ಅಮ್ಮಾವ್ರು ಒಂದು ನಿಮಿಷ ಯೋಚಿಸಿ, ಹಿಂದಿನ ಮನೆಗೆ ಹೋಗಿ, ಸೋಫಾದ ಮೇಲೆ ಮಲಗಿದ್ದ ಅಳಿಯನನ್ನು ಎಬ್ಬಿಸಿಕೊಂಡು ಬಂದರು.

‘ಅಳಿಯ ಅಲ್ಲ, ಮಗಳ ಗಂಡ’ ಅನ್ನುತ್ತಾರಲ್ಲ, ಅಂಥ ಮರ್ಯಾದೆ ಅವರದು. ಮನುಷ್ಯ ಕೆಟ್ಟವರಲ್ಲ. ಅವರಿಗಿದ್ದದ್ದು ಒಂದೇ ಕಾಯಿಲೆ: ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಹಿಂದೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸಕ್ಕಿದ್ದರು. ಯಾರು ಯಾವ ಊರಿನ ಬಸ್ಸು ಕೇಳಿದರೂ ತಡವರಿಸದೆ ಕೈ ತೋರಿಸುತ್ತಿದ್ದರು. ಮದುವೆಗೆ ಹೊರಟ ಒಂದು ದಿಬ್ಬಣವೇ ಹೋಗಬಾರದ ಊರಿಗೆ ಹೋಗಿ ಇಳಿದ ಮೇಲೆ ಅವರನ್ನು ಕಿಟಕಿಯಿಂದ ಎಬ್ಬಿಸಿದರು. ಟೈಲ್ಸ್ ಅಂಗಡಿಯಲ್ಲೂ ಹಾಗೇ ಆಯಿತು. ಬಚ್ಚಲಿಗೆ ಹಾಕುವುದನ್ನು ದೇವರಕೋಣೆಗೂ ದೇವರಕೋಣೆಯದನ್ನು ಬಚ್ಚಲಿಗೂ ಹೇಳಿ ಕಳಿಸಿ ಕೆಲಸ ಕಳೆದುಕೊಂಡು ಬಂದರು.

“ನೋಡಿ,” ಅಂದರು ಅಮ್ಮಾವ್ರು, “ಇದೇ ಕೊನೇ ಸಲ. ಇದನ್ನೂ ಕೆಡಿಸಿದ್ರೆ ನಮ್ಮಣ್ಣನ ಇಟ್ಟಿಗೆ ಭಟ್ಟಿಗೆ ಹೋಗಿ ಕೂತ್ಕೊಳ್ಳಿ. ಅದು ಇಲ್ಲಿಂದ ಒಂದು ರಾತ್ರಿ ಪ್ರಯಾಣ. ಮಗಳೂ ಮೊಮ್ಮಗಳೂ ಇಲ್ಲೇ ಇರ್ತಾರೆ.”

ಮೊಮ್ಮಗಳು ಅಂದರೆ ಪುಟ್ಟಿ. ಇನ್ನೂ ನಡೆಯಲು ಬಾರದ, ಅಪ್ಪನ ಮೂಗು ಹಿಡಿದೆಳೆಯುವುದೊಂದೇ ಕಲಿತಿದ್ದ ಕೂಸು. ಅಳಿಯಂದಿರಿಗೆ ಅವಳೆಂದರೆ ಪ್ರಾಣ. ಭಟ್ಟಿಯ ಮಾತು ಕೇಳಿದ್ದೇ ಅವರ ಮುಖ ಸುಟ್ಟ ಬದನೆಕಾಯಿಯಾಯಿತು. ಮರುದಿನವೇ ಕ್ಷೌರದಂಗಡಿಯವನಿಂದ ಒಂದು ಬಿಳಿ ಗೌನು ಎರವಲು ತಂದು, ಅದನ್ನು ತೊಟ್ಟು ತರಬೇತಿಗೆ ಹೊರಟರು. ಗೌನಿನಿಂದ ಶೇವಿಂಗ್ ಸೋಪಿನ ವಾಸನೆ ಗಮ್ಮೆಂದು ಬರುತ್ತಿತ್ತು. ಒಂದು ವಾರದ ಕೆಲಸಕ್ಕೆಂದು ಬೇರೆ ಊರಿಗೆ ಹೊರಟಿದ್ದ ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಗೊತ್ತಿಲ್ದಿದ್ರೆ ಕೇಳ್ರೀ, ಬಾಯಿ ಸವೆಯಲ್ಲ,” ಎಂದು ಹೇಳಿಯೇ ಹೋದಳು.

ಕೇಳಿದರೇ? ಮೊದಲ ಸಾಲಲ್ಲಿ ಕೂತು ದಿನವಿಡೀ ತಲೆದೂಗಿದರಂತೆ. ಕೊನೆಗೆ ಹೇಳಿಕೊಡುವಾಕೆ, “ಯಾರಿಗಾದ್ರೂ ಏನಾದ್ರೂ ಅನುಮಾನ ಇದ್ಯಾ?” ಎಂದು ಕೇಳಿದಾಗ, ಎಲ್ಲರ ಪರವಾಗಿ ಇವರೇ ಎದ್ದು ನಿಂತು, “ಏನೂ ಇಲ್ಲ ಮೇಡಂ, ಎಲ್ಲಾ ತಿಳೀತು,” ಎಂದು ಸಭೆ ಮುಗಿಸಿದರಂತೆ. ಅಲ್ಲಿ ಒಂದು ಕಾರ್ಡು ಕೊಟ್ಟಿದ್ದರು. ಎಳೆಮಕ್ಕಳ ಕಕ್ಕದ ಬಣ್ಣ ಹೋಲಿಸಿ ನೋಡುವ ಕಾರ್ಡು. ಯಾವ ಬಣ್ಣವಾದರೆ ಚಿಂತೆಯಿಲ್ಲ, ಯಾವುದಾದರೆ ಡಾಕ್ಟರಿಗೆ ತೋರಿಸಬೇಕು ಎಂದು ಚೌಕ ಚೌಕವಾಗಿ ಬಣ್ಣ ಅಚ್ಚು ಹಾಕಿದ್ದರು. ಅದನ್ನು ವಿವರಿಸುವ ಹೊತ್ತಿಗೆ ಅಳಿಯಂದಿರು ಕಿವಿಗೊಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಆಗಲೇ ಅದನ್ನು ವಿವರಿಸುತ್ತಿದ್ದರು.

ಈಗ ನಡೆದದ್ದನ್ನು ಬಿಡಿಸಿ ಹೇಳಿಬಿಡುತ್ತೇನೆ, ಆಮೇಲೆ ನೀವು ತಲೆ ಕೆರೆದುಕೊಳ್ಳುವುದು ಬೇಡ. ಅದೇ ಸಂಜೆ ಪೇಂಟರ್ ಬಂದಿದ್ದ. ಇಲಾಖೆಯವರು ತಪಾಸಣೆಗೆ ಬರುವ ಮುಂಚೆ ಕೂಸುಗಳ ಕೋಣೆಗೆ ಬಣ್ಣ ಹೊಡೆಸಬೇಕೆಂದು ಅಮ್ಮಾವ್ರು ಕರೆಸಿದ್ದರು. ಅವನೂ ಒಂದು ಕಾರ್ಡು ತಂದು ಆಫೀಸಿನ ಮೇಜಿನ ಮೇಲಿಟ್ಟ. ಅದರಲ್ಲೂ ಚೌಕ ಚೌಕವಾಗಿ ಹಳದಿ, ಕಂದು, ಹಸಿರು. ಅಳಿಯಂದಿರ ಕಾರ್ಡೂ ಅಲ್ಲೇ ಇತ್ತು. ನಮ್ಮಲ್ಲಿ ಗುಂಡ ಅಂತ ಒಬ್ಬನಿದ್ದಾನೆ, ಎರಡು ವರ್ಷದವನು, ಕಾಗದ ಕಂಡರೆ ಬಿಡುವುದಿಲ್ಲ. ಎರಡು ಕಾರ್ಡಿನ ತಲೆಬರಹವನ್ನೂ ಹರಿದು ತಿಂದುಬಿಟ್ಟ. ಉಳಿದ ಮುಂಡಗಳಲ್ಲಿ ಪೇಂಟಿನದ್ದು ಅಳಿಯಂದಿರ ಜೇಬಿಗೆ ಹೋಯಿತು, ಕಕ್ಕದ್ದು ಪೇಂಟರಿನ ಜೇಬಿಗೆ ಹೋಯಿತು. ಮುಂದಿನದಕ್ಕೆಲ್ಲ ಇದೇ ಮೂಲ.

ಮರುದಿನದಿಂದ ಅಳಿಯಂದಿರ ವೈದ್ಯಕೀಯ ಆರಂಭವಾಯಿತು. ಒಂದೊಂದು ಲಂಗೋಟಿ ಬಿಚ್ಚಿದಾಗಲೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಕಾರ್ಡು ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಆಯಾಗಳು ಮೂಗು ಮುಚ್ಚಿಕೊಂಡು ತೀರ್ಪಿಗೆ ಕಾಯುವರು.

“ಸಂಜೆಜೇನು,” ಎಂದು ಓದುವರು. “ಒಳಾಂಗಣಕ್ಕೆ ಮಾತ್ರ. ಈ ಮಗೂನ ಹೊರಗೆ ಬಿಡಬೇಡಿ.”

ಇನ್ನೊಂದಕ್ಕೆ, “ಒದ್ದೆ ಮರಳು. ಬಿಸಿಲು ಮಳೆ ತಡೆಯುತ್ತದೆ, ಹೊರಾಂಗಣಕ್ಕೆ ಯೋಗ್ಯ. ಇವನು ಅಂಗಳದಲ್ಲೇ ಇರ್ಲಿ.”

ಹೀಗೆ ಅರ್ಧ ಮಕ್ಕಳು ಒಳಗೆ ಉಳಿದವು, ಅರ್ಧ ಮಕ್ಕಳು ಅಂಗಳ ಸೇರಿದವು. ‘ಒಣಗಲು ನಾಲ್ಕು ಗಂಟೆ ಬಿಡಿ’ ಎಂದಿದ್ದ ಬಣ್ಣದ ಮಗುವೊಂದು ಬರಿ ಮೈಯಲ್ಲಿ ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಸುಖವಾಗಿ ಆಡಿಕೊಂಡಿತ್ತು. ನಾನು ಅಡುಗೆಮನೆಯಿಂದ ಇಣುಕಿ ನೋಡಿ, ವೈದ್ಯಶಾಸ್ತ್ರ ಎಷ್ಟು ಮುಂದುವರಿದಿದೆಯಲ್ಲ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾವೆಲ್ಲ.

ಓದಿದವರಾದರೂ ಕೇಳಿದರೇ? ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವವರಲ್ಲಿ ಒಬ್ಬರು ವಕೀಲರು. ಅಳಿಯಂದಿರು ಗಂಭೀರವಾಗಿ, “ನಿಮ್ಮ ಮಗಳು ಇವತ್ತು ರಾಜಗೋಧಿ ಸಾರ್. ಜೀವಮಾನ ಗ್ಯಾರಂಟಿ,” ಎಂದರು. ವಕೀಲರು ಒಂದು ಕ್ಷಣ ಕಣ್ಣು ಪಿಳಿಪಿಳಿ ಮಾಡಿ, “ಹೌದು ಹೌದು, ಮನೇಲೂ ಹಾಗೇ,” ಎಂದು ಎದೆಯುಬ್ಬಿಸಿ ಹೋದರು.

ಹಿಂದೆ ನಿಂತಿದ್ದ ಗುಂಡನ ಅಜ್ಜಿಗೆ ತಡೆಯಲಾಗಲಿಲ್ಲ. “ನಮ್ಮವನು?”

“ಒದ್ದೆ ಮರಳು.”

“ಏನಂದ್ರಿ? ನಮ್ಮ ವಂಶದಲ್ಲೇ ಯಾರೂ ಒದ್ದೆ ಮರಳಿಲ್ಲ! ವಕೀಲರ ಮಗು ರಾಜಗೋಧಿ, ನಮ್ಮದು ಒದ್ದೆ ಮರಳಾ? ನಾಳೆ ನಾನೇ ಬಂದು ನಿಂತ್ಕೋತೀನಿ, ಇನ್ನೊಂದ್ಸಲ ನೋಡಿ.”

“ಎರಡು ದಿನ ಬಾಳೆಹಣ್ಣು ಕೊಟ್ಟು ನೋಡಿ,” ಎಂದು ನಾನೂ ಒಂದು ಮಾತು ಸೇರಿಸಿದೆ. ಊರೆಲ್ಲ ಡಾಕ್ಟರಾಗುತ್ತಿರುವಾಗ ಅಡುಗೆಯವಳೊಬ್ಬಳು ಯಾಕೆ ಸುಮ್ಮನಿರಬೇಕು?

ಹೀಗೆ ಎಲ್ಲ ಸರಾಗವಾಗಿ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಅಳಿಯಂದಿರು ಅಡುಗೆಮನೆಗೆ ಬಂದು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತರು. ತೊಡೆಯ ಮೇಲೆ ಪುಟ್ಟಿ, ಕೈಯಲ್ಲಿ ಕಾರ್ಡು.

“ಅಡುಗೆ ಅಕ್ಕ, ಗ್ಯಾರಂಟಿ ಅಂದ್ರೆ ಏನರ್ಥ?”

“ಮಿಕ್ಸಿ ತಗೊಂಡಾಗ ಕೊಟ್ರಲ್ಲ, ಅದೇ. ಎರಡು ವರ್ಷ ಅಂದಿದ್ರು. ಎರಡು ವರ್ಷ ಮುಗಿದ ತಿಂಗಳೇ ಹೊಗೆ ಬಂದು ನಿಂತುಹೋಯ್ತು.”

ಅಷ್ಟೇ, ಗೊಳೋ ಎಂದು ಅಳಲು ಶುರು ಮಾಡಿದರು. ಕಾರ್ಡನ್ನು ನನ್ನ ಮುಂದೆ ಹಿಡಿದರು. ಬೇರೆ ಚೌಕಗಳ ಕೆಳಗೆಲ್ಲ ‘ಜೀವಮಾನ ಗ್ಯಾರಂಟಿ’ ಎಂದಿತ್ತು. ಪುಟ್ಟಿಯ ಬಣ್ಣ ‘ಹಳೇಸಾಸಿವೆ’. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಐದು ವರ್ಷ ಗ್ಯಾರಂಟಿ’.

ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಇಳಿಸಲಿಲ್ಲ. ಪುಟ್ಟಿ ಮಾತ್ರ ಅಪ್ಪನ ಮೂಗು ಹಿಡಿದು ನಗುತ್ತಿದ್ದಳು.

“ಇನ್ನೊಂದ್ಸಲ ನೋಡ್ಬೇಕಿತ್ತು,” ಅಂದೆ.

“ಮೂರು ದಿನದಿಂದ ನೋಡ್ತಾನೇ ಇದೀನಿ. ದಿನಾ ಹಳೇಸಾಸಿವೆ!”

“ಹಾಗಾದ್ರೆ ಡಾಕ್ಟರನ್ನ ಕೇಳಿ. ಬೀದಿ ಕೊನೇಲೇ ಇದಾರಲ್ಲ.”

“ಕೇಳಿದ್ರೆ ನನಗೆ ಗೊತ್ತಿಲ್ಲ ಅಂತ ಗೊತ್ತಾಗಲ್ವಾ? ಅತ್ತೆ ಮಾರನೇ ದಿನವೇ ಭಟ್ಟಿಗೆ ಕಳಿಸ್ತಾರೆ. ಇರೋದೇ ಐದು ವರ್ಷ ಅಕ್ಕ, ಅದರಲ್ಲೂ ನಾನು ಭಟ್ಟೀಲಿ ಕೂತಿದ್ರೆ ಮಗೂನ ನೋಡೋದು ಯಾವಾಗ?”

ನಗಬೇಡಿ. ಆ ಹೊತ್ತಿನಲ್ಲಿ ಅವರ ಮುಖ ನೋಡಿದ್ದರೆ ನಿಮಗೂ ನಗು ಬರುತ್ತಿರಲಿಲ್ಲ. ಇಬ್ಬರೂ ಕೂತು ಅತ್ತೆವು. ಹಾಲು ಪೂರ್ತಿ ಉಕ್ಕಿಹೋಯಿತು.

ಇತ್ತ ಪೇಂಟರ್ ಏನು ಮಾಡುತ್ತಿದ್ದ? ಕೂಸುಗಳ ಕೋಣೆಗೆ ಈಗಿರುವ ಬಿಳಿಯೇ ಇರಲಿ ಎಂದು ಅಮ್ಮಾವ್ರು ಹೇಳಿದ್ದರು. ಅವನು ಗೋಡೆ ಕೆರೆದು ಸಿದ್ಧ ಮಾಡಿ, ಜೇಬಿನಿಂದ ಕಾರ್ಡು ತೆಗೆದು ಬಿಳಿ ಚೌಕವನ್ನು ಹುಡುಕಿದ. ಅದರ ಕೆಳಗೆ, ‘ಈ ಬಣ್ಣವಾದರೆ ಕೂಡಲೇ ಡಾಕ್ಟರಿಗೆ ತೋರಿಸಿ’ ಎಂದಿತ್ತು. ಎಳೆಮಕ್ಕಳ ಕೋಣೆಯಲ್ಲವೇ, ಏನೋ ಹೊಸ ಕಾನೂನು ಬಂದಿರಬೇಕು ಎಂದುಕೊಂಡ. ವಿಧೇಯ ಮನುಷ್ಯ. ಕುಂಚ ಕೆಳಗಿಟ್ಟು ಸೀದಾ ಡಾಕ್ಟರ ಬಳಿಗೆ ನಡೆದ. ಅಲ್ಲಿ ಆದ ಮಾತನ್ನು ಆಮೇಲೆ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ಒಂದೇ ಥರ ಇರುವುದರಿಂದ ನಿಜವೇ ಇರಬೇಕು.

“ಮಕ್ಕಳ ಕೇಂದ್ರದಿಂದ ಬಂದೆ ಡಾಕ್ಟ್ರೇ. ಈ ಬಣ್ಣ ನೋಡಿ,” ಎಂದು ಪೇಂಟರ್ ಬಿಳಿ ಚೌಕದ ಮೇಲೆ ಬೆರಳಿಟ್ಟ.

ಡಾಕ್ಟರು ಕಾರ್ಡು ನೋಡಿದ್ದೇ ನೆಟ್ಟಗೆ ಕೂತರು. “ಈ ಬಣ್ಣಾನಾ? ಖಂಡಿತಾನಾ?”

“ಅಪ್ಪಟ ಬಿಳಿ.”

“ಯಾವಾಗಿಂದ?”

“ಎರಡು ವರ್ಷ ಆಯ್ತು.”

“ಎರಡು ವರ್ಷ! ಯಾರೂ ಗಮನಿಸಲಿಲ್ವಾ?”

“ದಿನಾ ನೋಡ್ತಾರೆ. ಅಮ್ಮಾವ್ರಿಗೆ ಅದೇ ಇಷ್ಟ.”

“ಇಷ್ಟಾನಾ! ಒಟ್ಟು ಎಷ್ಟು?”

“ನಾಲ್ಕೂ ಹಾಗೇ. ಮೂರು ಗಟ್ಟಿಯಾಗಿವೆ. ನಾಲ್ಕನೇದು ಮಾತ್ರ ಉಬ್ಬಿಕೊಂಡು ಬಿರುಕು ಬಿಟ್ಟಿದೆ. ಮೇಲಿಂದ ಸೋರುತ್ತೆ.”

ಡಾಕ್ಟರು ಎದ್ದು ನಿಂತರು. “ನೀವು ಏನು ಮಾಡಿದ್ರಿ?”

“ನನ್ನ ಕೈಲಾದ್ದು ಮಾಡಿದೀನಿ. ಚೆನ್ನಾಗಿ ಕೆರೆದು, ಉಪ್ಪುಕಾಗದ ಹಾಕಿ ತಿಕ್ಕಿ, ತೂತಿದ್ದ ಕಡೆ ಗಾರೆ ತುಂಬಿ ಬಂದೆ.”

ಡಾಕ್ಟರು ಇಲಾಖೆಗೆ ಫೋನು ಮಾಡಿ ಕೂಗಾಡಿ, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದರು. ಪೇಂಟರ್ ಅಲ್ಲೇ ನಿಂತು, ಬಿಳಿ ಬಣ್ಣಕ್ಕೆ ಇಷ್ಟೊಂದು ಭಯ ಯಾಕೆ ಎಂದು ಯೋಚಿಸುತ್ತಿದ್ದನಂತೆ.

ಸಂಜೆಯ ಹೊತ್ತು. ಬಾಗಿಲಲ್ಲಿ ಅಪ್ಪ ಅಮ್ಮಂದಿರು, ಅಜ್ಜಿಯರು ಗುಂಪುಗೂಡಿದ್ದರು. ಅಷ್ಟರಲ್ಲಿ ಇಲಾಖೆಯ ಜೀಪು ಬಂದು ನಿಂತಿತು. ಸಾಹೇಬರು ಇಳಿದರು. ಅವರನ್ನು ಹಿಂದೆ ಹಾಕಿ ಡಾಕ್ಟರು ಒಳಗೆ ನುಗ್ಗಿದರು.

“ಎಲ್ಲಿ ಆ ನಾಲ್ಕು?”

“ಯಾವ ನಾಲ್ಕು?” ಅಂದರು ಅಮ್ಮಾವ್ರು.

“ಎರಡು ವರ್ಷದಿಂದ ಬಿಳೀ ಆಗಿರೋವು! ಒಂದು ಬಿರುಕು ಬಿಟ್ಟು ಸೋರ್ತಿದೆಯಂತೆ! ಉಪ್ಪುಕಾಗದದಲ್ಲಿ ತಿಕ್ಕಿದ್ದೀರಂತೆ, ಗಾರೆ ತುಂಬಿದ್ದೀರಂತೆ!”

ಬಾಗಿಲಲ್ಲಿ ಹಾಹಾಕಾರವೆದ್ದಿತು. ಅಪ್ಪ ಅಮ್ಮಂದಿರು ಒಳಗೆ ನುಗ್ಗಿ ತಮ್ಮ ತಮ್ಮ ಮಕ್ಕಳನ್ನು ಹಿಡಿದು, ತಲೆಕೆಳಗು ಮಾಡಿ, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. ಗಡಿಬಿಡಿಯಲ್ಲಿ ವಕೀಲರು ಗುಂಡನನ್ನು ಎತ್ತಿ ನೋಡಿ, “ಇದಕ್ಕೆ ಗಾರೆ ತುಂಬಿದ ಹಾಗಿದೆ, ಎಷ್ಟು ಭಾರ!” ಎಂದು ಕಿರುಚಿದರು. “ನಮ್ಮವನು ಇರೋದೇ ಹಾಗೆ, ಕೆಳಗಿಡ್ರಿ!” ಎಂದು ಅಜ್ಜಿ ಕಿತ್ತುಕೊಂಡಳು.

“ಸುಮ್ಮನಿರಿ!” ಎಂದರು ಸಾಹೇಬರು. “ಕಾರ್ಡು ತನ್ನಿ.”

ಆಯಾ ಒಬ್ಬಳು ಅಳಿಯಂದಿರ ಕಾರ್ಡನ್ನು ತಂದುಕೊಟ್ಟಳು. ಸಾಹೇಬರು ಕನ್ನಡಕ ಏರಿಸಿ ಅದನ್ನು ಮೇಲಿಂದ ಕೆಳಗೆ ಓದಿದರು. ಹಿಂದೆ ತಿರುಗಿಸಿದರು. ಗಂಭೀರವಾಗಿ ತಲೆದೂಗಿ, “ಇಲಾಖೆಯ ಕಾರ್ಡೇ. ಎಲ್ಲಾ ಕ್ರಮಬದ್ಧವಾಗಿದೆ,” ಎಂದರು.

“ಇಲ್ಲಿ ಆರೋಗ್ಯ ನೋಡ್ಕೊಳ್ಳೋರು ಯಾರು?” ಡಾಕ್ಟರು ಗುಡುಗಿದರು.

ಅಳಿಯಂದಿರು ಪುಟ್ಟಿಯನ್ನು ಎತ್ತಿಕೊಂಡು ಮುಂದೆ ಬಂದರು. ಗೌನಿನ ಗುಂಡಿ ಮೇಲೆ ಕೆಳಗಾಗಿತ್ತು.

“ಕಾರ್ಡು ನೋಡಿ ಅರ್ಥ ಮಾಡ್ಕೊಳ್ಳೋಕೆ ಗೊತ್ತಾ ನಿಮಗೆ?”

ಇಡೀ ಕೋಣೆ ಅವರನ್ನೇ ನೋಡಿತು. ಗೊತ್ತು ಅಂದರೆ ಕೆಲಸ ಉಳಿಯುತ್ತಿತ್ತು. ಅಂಥ ಗೊತ್ತುಗಳನ್ನು ಅವರು ಜೀವನದಲ್ಲಿ ಸಾವಿರ ಹೇಳಿದ್ದರು. ಅಮ್ಮಾವ್ರ ಕಣ್ಣೂ ಅದನ್ನೇ ಹೇಳಿ ಎನ್ನುತ್ತಿತ್ತು. ಅಳಿಯಂದಿರು ಅತ್ತೆಯನ್ನು ನೋಡಿದರು, ಮಗಳನ್ನು ನೋಡಿದರು.

“ಗೊತ್ತಿಲ್ಲ,” ಎಂದರು.

ಒಂದು ಸಲ ಬಾಯಿಂದ ಬಿದ್ದದ್ದೇ ತಡ, ಕಟ್ಟೆಯೊಡೆಯಿತು. “ನನಗೆ ಒಂದಕ್ಷರಾನೂ ಗೊತ್ತಿಲ್ಲ ಡಾಕ್ಟ್ರೇ. ತರಬೇತೀಲೂ ಗೊತ್ತಾಗಲಿಲ್ಲ. ಬಸ್ ನಿಲ್ದಾಣದಲ್ಲೂ ಗೊತ್ತಿರಲಿಲ್ಲ. ನನ್ನನ್ನ ಭಟ್ಟಿಗೆ ಕಳಿಸಿದ್ರೂ ಸರಿ, ಇದೊಂದು ಹೇಳಿಬಿಡಿ. ನನ್ನ ಮಗಳಿಗೆ ಐದೇ ವರ್ಷ ಗ್ಯಾರಂಟಿ ಅಂತ ಬರೆದಿದೆ. ಏನಾದ್ರೂ ಔಷಧಿ ಕೊಟ್ಟು ಸ್ವಲ್ಪ ಹೆಚ್ಚಿಸೋಕಾಗುತ್ತಾ?”

ಡಾಕ್ಟರು ಸಾಹೇಬರ ಕೈಯಿಂದ ಕಾರ್ಡು ಕಸಿದುಕೊಂಡರು. ಓದಿದರು. ಮತ್ತೆ ಓದಿದರು. ಆಮೇಲೆ ಗಟ್ಟಿಯಾಗಿ ಓದಿದರು: “ಹಳೇಸಾಸಿವೆ. ಗೆದ್ದಲು ನಿರೋಧಕ. ಒಂದು ಲೀಟರಿಗೆ ನೂರು ಚದರಡಿ.” ತಲೆಯೆತ್ತಿ, “ಇದು ಗೋಡೆಗೆ ಹಚ್ಚೋ ಬಣ್ಣದ ಕಾರ್ಡು ಕಣ್ರೀ!” ಎಂದರು.

“ನನಗೆ ಆಗಲೇ ಅನುಮಾನ ಬಂದಿತ್ತು,” ಎಂದರು ಸಾಹೇಬರು.

ಅದೇ ಹೊತ್ತಿಗೆ ಪೇಂಟರ್ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಇನ್ನೊಂದು ಕಾರ್ಡು. “ಏನ್ ಡಾಕ್ಟ್ರೇ, ಉತ್ತರ ಹೇಳದೇನೇ ಓಡಿಬಂದ್ರಲ್ಲ? ಗೋಡೆಗೆ ಬಿಳಿ ಹೊಡೀಲೋ ಬೇಡ್ವೋ?”

ಡಾಕ್ಟರು ಕೋಣೆಯ ನಾಲ್ಕು ಗೋಡೆಗಳನ್ನೂ ಒಂದೊಂದಾಗಿ ನೋಡಿದರು. ನಾಲ್ಕನೆಯದು ಉಬ್ಬಿಕೊಂಡು ಸೋರುತ್ತಿತ್ತು. ತಲೆಯ ಮೇಲೆ ಕೈ ಹೊತ್ತುಕೊಂಡು ನೆಲದ ಮೇಲೆಯೇ ಕೂತುಬಿಟ್ಟರು. ಸುಧಾರಿಸಿಕೊಂಡ ಮೇಲೆ ಪುಟ್ಟಿಯನ್ನು ಎತ್ತಿ ಕಣ್ಣು, ಹೊಟ್ಟೆ ಎಲ್ಲ ನೋಡಿ, ಅಸಲಿ ಕಾರ್ಡನ್ನು ಎಲ್ಲರಿಗೂ ತೋರಿಸಿ ಹೇಳಿದರು: “ಹಳದಿ, ಕಂದು, ಹಸಿರು, ಇವೆಲ್ಲ ಇರೋದೇ. ಸುಣ್ಣದ ಥರ ಬಿಳುಚಿಕೊಂಡಿದ್ರೆ, ರಕ್ತ ಕಂಡ್ರೆ, ಕಾಯದೆ ನನ್ನ ಹತ್ರ ಬನ್ನಿ. ಈ ಮಗು ಗುಂಡುಕಲ್ಲಿನ ಹಾಗಿದೆ. ಗ್ಯಾರಂಟಿ ಗೀರಂಟಿ ಏನಿಲ್ಲ.”

ಯಾರೂ ನಗಲಿಲ್ಲ, ಯಾಕೆಂದರೆ ರಾಜಗೋಧಿ, ಸಂಜೆಜೇನು ಎಂದು ಊರಿಗೆಲ್ಲ ಹೇಳಿಕೊಂಡು ಬಂದವರೇ ಎಲ್ಲರೂ. ವಕೀಲರು ಚಾವಣಿ ನೋಡುತ್ತಿದ್ದರು. ಅಳಿಯಂದಿರು ಮೆಲ್ಲಗೆ ಗೌನು ಬಿಚ್ಚಿ ಮಡಿಸಿ, “ಬಟ್ಟೆ ಕಟ್ಕೊಳ್ತೀನಿ ಅತ್ತೆ. ರಾತ್ರಿ ಬಸ್ಸಿಗೆ ಹೊರಡ್ತೀನಿ,” ಎಂದರು.

ಅಮ್ಮಾವ್ರು ಮಕ್ಕಳ ಪುಟಾಣಿ ಕುರ್ಚಿಯೊಂದರ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಕೋಪಕ್ಕೆ ಎಂದುಕೊಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೈ ತೆಗೆದಾಗ ನೋಡಿದರೆ ಕಣ್ಣು ಕೆಂಪಗಾಗಿತ್ತು.

“ಆ ಐದು ವರ್ಷ ನಾನೂ ಓದಿದ್ದೆ,” ಎಂದರು. “ಇವರು ಮೇಜಿನ ಮೇಲಿಟ್ಟು ಹೋದಾಗ. ಅವತ್ತಿಂದ ಊಟ ಸೇರಿಲ್ಲ, ನಿದ್ದೆ ಇಲ್ಲ.”

“ಅಯ್ಯೋ, ಡಾಕ್ಟರನ್ನ ಕೇಳೋದಲ್ವಾ ಅಮ್ಮಾವ್ರೇ?” ಅಂದೆ.

“ಕೇಂದ್ರ ನಡೆಸೋಳು ನಾನು. ನಾನೇ ಕೇಳಿದ್ರೆ ಜನ ಏನಂತಾರೆ?” ಎಂದು ಮೂಗು ಒರೆಸಿಕೊಂಡರು. ಆಮೇಲೆ ಹೊರಡಲು ಎದ್ದ ಡಾಕ್ಟರತ್ತ ತಿರುಗಿ, “ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ಜ್ವರ ಬಂದ ಮಗೂಗೆ ಬೆಚ್ಚಗೆ ಹೊದೆಸಬೇಕೋ, ಬಿಚ್ಚಬೇಕೋ? ಕೇಂದ್ರ ಶುರುವಾದಾಗಿಂದ ಒಂದ್ಸಲ ಹೊದೆಸ್ತೀನಿ, ಒಂದ್ಸಲ ಬಿಚ್ತೀನಿ,” ಎಂದರು.

“ತೆಳು ಬಟ್ಟೆ ಸಾಕು. ಕುಡಿಯೋಕೆ ಕೊಡ್ತಾ ಇರಿ. ತೀರಾ ಎಳೇ ಕೂಸಾದ್ರೆ ಕರ್ಕೊಂಡು ಬನ್ನಿ,” ಎಂದರು ಡಾಕ್ಟರು.

ಅಷ್ಟು ಸಾಕಾಯಿತು. ಔಷಧಿ ಒಂದು ಚಮಚ ಅಂದರೆ ಊಟದ ಚಮಚವೋ ಸಕ್ಕರೆ ಚಮಚವೋ ಎಂದು ವಕೀಲರು ಕೇಳಿದರು. ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಬಿಟ್ಟು ಎರಡೂ ಬೇಡ ಎಂದು ಡಾಕ್ಟರು ಹೇಳಿದಾಗ ಅವರ ಮುಖ ಹುಳ್ಳಗಾಯಿತು. ಕಾಗದ ತಿಂದರೆ ಏನಾಗುತ್ತದೆ ಎಂದು ಗುಂಡನ ಅಜ್ಜಿ ಕೇಳಿದಳು. ಸಾಹೇಬರು ಬಾಗಿಲು ಹಾಕಿ, ಜೀಪಿನ ಡ್ರೈವರು ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಈ ವೈರಸ್ಸು ಬ್ಯಾಕ್ಟೀರಿಯಾ ಎರಡೂ ಒಂದೇನಾ ಎಂದು ಪಿಸುಗುಟ್ಟಿದರು. ಆ ಗದ್ದಲದಲ್ಲಿ ಅಳಿಯಂದಿರು ಇನ್ನೂ ಮಡಿಸಿದ ಗೌನು ಹಿಡಿದು ಬಾಗಿಲ ಬಳಿ ನಿಂತಿದ್ದರು.

“ನಿಮಗೇನ್ರೀ ಹೊರಡೋ ಅವಸರ?” ಎಂದು ಅಮ್ಮಾವ್ರು ಗದರಿದರು. “ಭಟ್ಟೀಲಿ ಕೇಳೋಕೆ ಏನಿದೆ, ಬರೀ ಇಟ್ಟಿಗೆ. ಇಲ್ಲೇ ಇರಿ. ಈ ಮನೇಲಿ ಗೊತ್ತಿಲ್ಲ ಅನ್ನೋಕೆ ಒಬ್ಬರಾದ್ರೂ ಬೇಕು.”

ಅಳಿಯಂದಿರು ಪುಟ್ಟಿಯನ್ನು ಅಪ್ಪಿಕೊಂಡು ಜೋರಾಗಿ ಅತ್ತುಬಿಟ್ಟರು. ಅದನ್ನು ನೋಡಿ ಪುಟ್ಟಿಯೂ ಕಿಟಾರನೆ ಕಿರುಚಿ ಅಳತೊಡಗಿದಳು. ಹಾಲು ಕೊಟ್ಟರೂ ನಿಲ್ಲಲಿಲ್ಲ, ಎತ್ತಿ ಆಡಿಸಿದರೂ ನಿಲ್ಲಲಿಲ್ಲ. ಯಾಕೆ ಅಳುತ್ತಿದ್ದಾಳೆ ಎಂದು ಎಲ್ಲರೂ ಒಟ್ಟಿಗೆ ಡಾಕ್ಟರನ್ನು ಕೇಳಿದರು. ಡಾಕ್ಟರು ಬಗ್ಗಿ ಅವಳನ್ನು ಬಹಳ ಹೊತ್ತು ನೋಡಿ, “ನನಗೆ ಗೊತ್ತಿಲ್ಲ,” ಎಂದರು.